ಯಲಹಂಕ–ಚಿಕ್ಕಬಳ್ಳಾಪುರ ಮಾರ್ಗದ ಪಾರಂಪರಿಕ ರೈಲು ನಿಲ್ದಾಣಗಳು

ದೊಡ್ಡಜಾಲ, ದೇವನಹಳ್ಳಿ, ಆವತಿಹಳ್ಳಿ ಮತ್ತು ನಂದಿ ಹಾಲ್ಟ್ ಇವು ಕರ್ನಾಟಕದ ಯಲಹಂಕ–ಚಿಕ್ಕಬಳ್ಳಾಪುರ ರೈಲು ಮಾರ್ಗದಲ್ಲಿರುವ ಶತಮಾನದಷ್ಟು ಹಳೆಯ ನಿಲ್ದಾಣಗಳು. ಬಳಕೆ ತಪ್ಪಿ ಶಿಥಿಲಗೊಂಡಿದ್ದ ಇವುಗಳ ಕಟ್ಟಡಗಳನ್ನು ಸಂರಕ್ಷಿಸಿ ಮರುಬಳಕೆಗೆ ತರುವ ಕಾರ್ಯವು 2020ರ ದಶಕದಲ್ಲಿ ನಡೆಯಿತು.

ಇತಿಹಾಸ

ಸರ್ ಎಂ. ವಿಶ್ವೇಶ್ವರಯ್ಯನವರು ಮೈಸೂರು ಸಂಸ್ಥಾನದ ದಿವಾನರಾಗಿದ್ದ ಅವಧಿಯಲ್ಲಿ, 1915ರಲ್ಲಿ, ಈ ಮಾರ್ಗವು ಆರಂಭವಾಯಿತು. ಬೆಂಗಳೂರು–ಚಿಕ್ಕಬಳ್ಳಾಪುರ ಲಘು ರೈಲ್ವೆ ಕಂಪನಿಯು ಇದನ್ನು ಎರಡೂವರೆ ಅಡಿ (762 ಮಿ.ಮೀ.) ಅಗಲದ ನ್ಯಾರೋಗೇಜ್ ಹಳಿಯಾಗಿ ನಿರ್ಮಿಸಿತು. ಮುಂದೆ ಕೋಲಾರದ ಮೂಲಕ ಬಂಗಾರಪೇಟೆಯವರೆಗೆ ಸಂಪರ್ಕ ದೊರೆಯಿತು. ಕಾಲಾನಂತರದಲ್ಲಿ ಹಳಿಗಳನ್ನು ಹಂತಹಂತವಾಗಿ ಬ್ರಾಡ್‌ಗೇಜ್‌ಗೆ ಪರಿವರ್ತಿಸಲಾಯಿತು. ಚಿಕ್ಕಬಳ್ಳಾಪುರ–ಕೋಲಾರ ಭಾಗದ ಪರಿವರ್ತನೆ 2013ರಲ್ಲಿ ಪೂರ್ಣಗೊಂಡಿತು. ರಸ್ತೆ ಸಾರಿಗೆ ಬೆಳೆದಂತೆ ಸಣ್ಣ ನಿಲ್ದಾಣಗಳ ಪ್ರಾಮುಖ್ಯ ಕುಗ್ಗಿತು. ಗೇಜ್ ಬದಲಾದರೂ ಇಳಿಜಾರು ಹೆಂಚಿನ ಮಾಡುಗಳ ಹಳೆಯ ಕಟ್ಟಡಗಳು ಉಳಿದುಕೊಂಡವು.

ಸಂರಕ್ಷಣೆ ಮತ್ತು ಮರುಬಳಕೆ

ಭಾರತೀಯ ಕಲೆ ಮತ್ತು ಸಾಂಸ್ಕೃತಿಕ ಪರಂಪರೆಯ ರಾಷ್ಟ್ರೀಯ ನ್ಯಾಸದ (ಇಂಟ್ಯಾಕ್) ಬೆಂಗಳೂರು ಶಾಖೆಯು ನೈಋತ್ಯ ರೈಲ್ವೆಯ ಸಹಕಾರದೊಂದಿಗೆ ಜೀರ್ಣೋದ್ಧಾರವನ್ನು ಕೈಗೊಂಡಿತು. ವಸ್ತುಸಂಗ್ರಹಾಲಯ, ಕರಕುಶಲ ಹಾಗೂ ಸಾಂಸ್ಕೃತಿಕ ಕೇಂದ್ರಗಳಂತಹ ಬಳಕೆಗಳನ್ನು ಯೋಜನೆಯು ಮುಂದಿಟ್ಟಿತು. ರೈಲು ಸಂಚಾರ ನಿಂತ ನಿಲ್ದಾಣಗಳ ಮರುಬಳಕೆಗಿಂತ ಇದು ಭಿನ್ನ; ಇಲ್ಲಿ ಕಟ್ಟಡಗಳ ಪಕ್ಕದಲ್ಲೇ ರೈಲುಗಳು ಸಂಚರಿಸುತ್ತವೆ. ಆದ್ದರಿಂದ ಅವುಗಳ ಉಳಿವು ಮಾರ್ಗದ ಬಳಕೆಯೊಂದಿಗೂ ಬೆಸೆದುಕೊಂಡಿದೆ. 2021ರ ಜನವರಿಯಲ್ಲಿ ದೊಡ್ಡಜಾಲ–ದೇವನಹಳ್ಳಿ ನಡುವಿನ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದ ಹಾಲ್ಟ್‌ಗೆ ರೈಲು ಸೇವೆ ಆರಂಭವಾಯಿತು. ನಂದಿಬೆಟ್ಟ ಮತ್ತು ನಂದಿ ಗ್ರಾಮದ ಭೋಗನಂದೀಶ್ವರ ದೇವಾಲಯಕ್ಕೆ ನಂದಿ ಹಾಲ್ಟ್ ಸಮೀಪದ ನಿಲ್ದಾಣವಾಗಿದೆ.