ದಾರಿ ತಪ್ಪಿದ ಕಥೆ, ಪಟ್ಟು ಬಿಡದ ನೋಡುಗ

2019ರ ಮೇ 13, ಸೋಮವಾರ. ನಮ್ಮಲ್ಲಿ ಬೆಳಗಿನ ಆರೂವರೆ, ಅಮೆರಿಕದ ಪೂರ್ವ ಕರಾವಳಿಯಲ್ಲಿ ಹಿಂದಿನ ರಾತ್ರಿಯ ಒಂಬತ್ತು. ‘ಗೇಮ್ ಆಫ್ ಥ್ರೋನ್ಸ್’ ಧಾರಾವಾಹಿಯ ಕೊನೆಯಿಂದ ಎರಡನೆಯ ಕಂತು ಎರಡೂ ಕಡೆ ಏಕಕಾಲಕ್ಕೆ ಆರಂಭವಾಯಿತು. ಕಥೆಯ ಮುಖ್ಯ ಪಾತ್ರಗಳಲ್ಲೊಬ್ಬಳಾದ ಡೆನೇರಿಸ್ ಬೆಂಕಿಯುಗುಳುವ ತನ್ನ ಡ್ರ್ಯಾಗನ್ ಏರಿ ಬಂದು ಶತ್ರುವಿನ ರಾಜಧಾನಿಯನ್ನು ಮಣಿಸಿದ್ದಾಳೆ. ಶರಣಾಗತಿಯ ಗಂಟೆಗಳು ಮೊಳಗುತ್ತವೆ. ಇನ್ನೇನು ಯುದ್ಧ ಮುಗಿಯಿತು ಎಂದು ನೋಡುಗರು ಉಸಿರು ಬಿಡುವಷ್ಟರಲ್ಲಿ ಅವಳು ಮನೆ ಮಠ, ಹೆಂಗಸರು, ಮಕ್ಕಳು ಎನ್ನದೆ ಇಡೀ ಊರನ್ನೇ ಸುಟ್ಟು ಬೂದಿ ಮಾಡುತ್ತಾಳೆ.

ವರ್ಷಗಳಿಂದ ಗುಲಾಮರ ಸಂಕಲೆ ಕಳಚುತ್ತ ಬಂದ ಹೆಣ್ಣು ಅವಳು. ಅಮೆರಿಕದಲ್ಲಿ 2018ರ ಒಂದೇ ವರ್ಷದಲ್ಲಿ ಐನೂರಕ್ಕೂ ಹೆಚ್ಚು ಹೆಣ್ಣು ಶಿಶುಗಳಿಗೆ ಅವಳ ಬಿರುದಾದ ‘ಖಲೀಸಿ’ಯನ್ನೇ ಹೆಸರಾಗಿ ಇಡಲಾಗಿತ್ತು. ಈ ಕಂತಿನ ನಂತರ ಅಭಿಮಾನಿಗಳ ಸಿಟ್ಟು ನೆತ್ತಿಗೇರಿತು. ಕೊನೆಯ ಭಾಗವನ್ನು ಬೇರೆ ಬರಹಗಾರರಿಂದ ಬರೆಸಿ ಮತ್ತೆ ಚಿತ್ರೀಕರಿಸಬೇಕೆಂಬ ಮನವಿಗೆ 17 ಲಕ್ಷಕ್ಕೂ ಹೆಚ್ಚು ಮಂದಿ ಸಹಿ ಹಾಕಿದರು.

ಒಂದು ಧಾರಾವಾಹಿಗಾಗಿ ಇಷ್ಟು ರಂಪವೇಕೆ? ನೆಚ್ಚಿನ ಪಾತ್ರ ಕೆಟ್ಟದ್ದಾದರೆ ಸಹಿಸಲಾಗದ ಎಳೆಯ ಮನಸ್ಸು ಎಂದು ತಳ್ಳಿಹಾಕಿಬಿಡಬಹುದು. ಆದರೆ ಈ ತಕರಾರಿಗೆ ಒಂದು ಚರಿತ್ರೆಯಿದೆ. ಅದನ್ನು ನೋಡಿದರೆ ಜನ ಕೇಳುತ್ತಿದ್ದುದು ಸುಖಾಂತ್ಯವನ್ನಲ್ಲ ಎಂಬುದು ತಿಳಿಯುತ್ತದೆ.

ಪತ್ರ ಬರೆದವರು

ಕಥೆಗಾರನೊಡನೆ ಓದುಗರ ಜಗಳ ಹೊಸದೇನಲ್ಲ. 1893ರ ಡಿಸೆಂಬರ್‌ನಲ್ಲಿ ಆರ್ಥರ್ ಕಾನನ್ ಡಾಯ್ಲ್ ತಮ್ಮ ಪತ್ತೇದಾರ ಷರ್ಲಾಕ್ ಹೋಮ್ಸ್‌ನನ್ನು ಜಲಪಾತಕ್ಕೆ ಕೆಡವಿ ಕೊಂದಾಗ ಲಂಡನ್ನಿನ ಓದುಗರು ಸಿಟ್ಟಿನ ಪತ್ರಗಳನ್ನು ಬರೆದಿದ್ದರು. ಹತ್ತು ವರ್ಷಗಳ ನಂತರ, 1903ರಲ್ಲಿ, ಡಾಯ್ಲ್ ಹೋಮ್ಸ್‌ನನ್ನು ಬದುಕಿಸಿ ತಂದರು.

ಟೆಲಿವಿಷನ್ನಿನ ಕಾಲಕ್ಕೆ ಬಂದರೆ, ಮೊದಲ ದೊಡ್ಡ ಪತ್ರ ಚಳವಳಿ ನಡೆದದ್ದು ‘ಸ್ಟಾರ್ ಟ್ರೆಕ್’ ಎಂಬ ವಿಜ್ಞಾನ ಕಥೆಗಾಗಿ. ಎನ್‌ಬಿಸಿ ವಾಹಿನಿ ಅದನ್ನು ನಿಲ್ಲಿಸಲಿದೆ ಎಂಬ ಸುದ್ದಿ ಹಬ್ಬಿದಾಗ, 1967ರ ಕೊನೆ ಮತ್ತು 1968ರ ಆರಂಭದಲ್ಲಿ ಪತ್ರಗಳ ಮಳೆಯೇ ಸುರಿಯಿತು. ಧಾರಾವಾಹಿ ಮುಂದುವರಿಯುತ್ತದೆ ಎಂದು ವಾಹಿನಿಯೇ ತೆರೆಯ ಮೇಲೆ ಪ್ರಕಟಿಸಬೇಕಾಯಿತು. ಮತ್ತೊಂದು ವರ್ಷ ನಡೆದು 1969ರಲ್ಲಿ ಅದು ನಿಂತಿತು.

ಆಗ ಅಭಿಮಾನಿಗಳ ಬೇಡಿಕೆ ಒಂದೇ ಆಗಿತ್ತು: ನಿಲ್ಲಿಸಬೇಡಿ. ಕಥೆಯನ್ನು ಹೇಗೆ ಹೇಳಬೇಕು, ಯಾವ ಪಾತ್ರ ಏನು ಮಾಡಬಾರದು ಎಂಬ ವಾದ ಸಂಘಟಿತ ರೂಪ ಪಡೆದದ್ದು ಆಮೇಲೆ. ಅದರ ಒಂದು ಒಳ್ಳೆಯ ಉದಾಹರಣೆ 1987ರಲ್ಲಿ ಸಿಬಿಎಸ್ ವಾಹಿನಿಯಲ್ಲಿ ಆರಂಭವಾದ ‘ಬ್ಯೂಟಿ ಅಂಡ್ ದಿ ಬೀಸ್ಟ್’.

ಸುರಂಗದೊಳಗಿನ ಪ್ರೀತಿ

ಹಳೆಯ ಫ್ರೆಂಚ್ ಜನಪ್ರಿಯ ಕಥೆಯನ್ನು ಇಂದಿನ ನ್ಯೂಯಾರ್ಕಿಗೆ ತಂದು ಹೇಳಿದ ಧಾರಾವಾಹಿ ಇದು. ಕ್ಯಾಥರೀನ್ ಶ್ರೀಮಂತ ಮನೆತನದ ವಕೀಲೆ. ಗೂಂಡಾಗಳು ಮುಖ ಕೊಯ್ದು ಬೀದಿಗೆಸೆದ ಅವಳನ್ನು ನಗರದಡಿಯ ಸುರಂಗಗಳಲ್ಲಿ ಬದುಕುವ ಸಿಂಹಮುಖದ ವಿನ್ಸೆಂಟ್ ಎತ್ತಿಕೊಂಡು ಹೋಗಿ ಆರೈಕೆ ಮಾಡುತ್ತಾನೆ. ಅವರಿಬ್ಬರ ಪ್ರೀತಿಯೇ ಕಥೆಯ ಜೀವಾಳ. ಇದರ ಅಭಿಮಾನಿಗಳಲ್ಲಿ ಹೆಣ್ಣುಮಕ್ಕಳೇ ಹೆಚ್ಚು.

ಎರಡು ವರ್ಷಗಳ ನಂತರ, ತಾಯಿಯಾಗಲಿದ್ದ ನಟಿ ಲಿಂಡಾ ಹ್ಯಾಮಿಲ್ಟನ್ ಧಾರಾವಾಹಿ ಬಿಟ್ಟರು. 1989ರ ಡಿಸೆಂಬರ್‌ನಲ್ಲಿ ಮೂರನೆಯ ವರ್ಷದ ಕಂತುಗಳು ಆರಂಭವಾದಾಗ ಕ್ಯಾಥರೀನ್ ಖಳನ ಸೆರೆಯಲ್ಲಿದ್ದಳು. ವಿನ್ಸೆಂಟನ ಮಗುವನ್ನು ಹೆರುತ್ತಾಳೆ, ಮಗುವನ್ನು ಕಿತ್ತುಕೊಂಡು ಅವಳನ್ನು ಕೊಲ್ಲುತ್ತಾರೆ. ಅಲ್ಲಿಂದ ಮುಂದೆ ಕಥೆ ಸೇಡಿನ ಹಾದಿ ಹಿಡಿಯಿತು.

ನಟಿ ಬಿಟ್ಟು ಹೋದದ್ದು ಅಭಿಮಾನಿಗಳಿಗೂ ಗೊತ್ತಿತ್ತು. ಅವರ ದೂರು ಬೇರೆಯದೇ ಆಗಿತ್ತು. ಪ್ರೀತಿಯ ಕಥೆ ಎಂದು ಕರೆದು ಕೂರಿಸಿದಿರಿ, ಈಗ ಹೊಡೆದಾಟದ ಕಥೆ ತೋರಿಸುತ್ತಿದ್ದೀರಿ. ಅವಳನ್ನು ದೂರದೂರಿಗೆ ಕಳಿಸಬಹುದಿತ್ತಲ್ಲ ಎಂಬುದು ಅವರ ವಾದ. ಅಭಿಮಾನಿಗಳು ಎರಡು ಗುಂಪಾದರು. ಕೆಲವರು ಬದಲಾವಣೆಯನ್ನು ಒಪ್ಪಿದರು. ಇನ್ನು ಕೆಲವರು ಮೂರನೆಯ ವರ್ಷ ನಡೆದೇ ಇಲ್ಲವೆಂದು ತೀರ್ಮಾನಿಸಿ, ಕ್ಯಾಥರೀನ್ ಬದುಕಿರುವ ಕಥೆಗಳನ್ನು ತಾವೇ ಬರೆದು, ತಾವೇ ಅಚ್ಚು ಹಾಕಿದ ಪುಟ್ಟ ಪತ್ರಿಕೆಗಳಲ್ಲಿ ಹಂಚಿಕೊಂಡರು. ಧಾರಾವಾಹಿ 1990ರಲ್ಲಿ ಮುಗಿಯಿತು. ಮಾಧ್ಯಮ ವಿದ್ವಾಂಸ ಹೆನ್ರಿ ಜೆಂಕಿನ್ಸ್ ಈ ಅಭಿಮಾನಿಗಳ ಚರ್ಚೆಯನ್ನು ಹತ್ತಿರದಿಂದ ನೋಡಿ 1992ರಲ್ಲಿ ತಮ್ಮ ಪುಸ್ತಕದ ಒಂದು ಅಧ್ಯಾಯವನ್ನಾಗಿಸಿದರು. ನೋಡುಗರು ತೋರಿಸಿದ್ದನ್ನು ನುಂಗುವವರಲ್ಲ, ಅದನ್ನು ಅಳೆದು ಸುರಿಯುವವರು ಎಂಬುದು ಅವರ ನಿಲುವು.

ಆ ಧಾರಾವಾಹಿಯ ಬರಹಗಾರರೂ ನಿರ್ಮಾಪಕರೂ ಆಗಿದ್ದವರಲ್ಲಿ ಜಾರ್ಜ್ ಆರ್. ಆರ್. ಮಾರ್ಟಿನ್ ಒಬ್ಬರು. ಈ ಹೆಸರನ್ನು ನೆನಪಿಟ್ಟುಕೊಳ್ಳಬೇಕು.

ಯಾರು ಸಾಯುತ್ತಾರೆ?

2002ರ ಮೇ ತಿಂಗಳಲ್ಲಿ ತಕರಾರು ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ರಕ್ತಪಿಶಾಚಿಗಳನ್ನು ಬೇಟೆಯಾಡುವ ಹುಡುಗಿಯ ಕಥೆ ‘ಬಫಿ ದಿ ವ್ಯಾಂಪೈರ್ ಸ್ಲೇಯರ್’ನಲ್ಲಿ ವಿಲೋ ಮತ್ತು ಟ್ಯಾರಾ ಪರಸ್ಪರ ಪ್ರೀತಿಸುವ ಇಬ್ಬರು ಮಾಟಗಾತಿಯರು. ಇಂಥ ಜೋಡಿಯನ್ನು ಅಮೆರಿಕದ ಕಿರುತೆರೆ ಅಷ್ಟು ದೀರ್ಘಕಾಲ, ಅಷ್ಟು ಗೌರವದಿಂದ ತೋರಿಸಿದ್ದು ಅಪರೂಪ. ಮುನಿಸು ಮರೆತು ಇಬ್ಬರೂ ಒಂದಾದ ಮರುಕಂತಿನಲ್ಲೇ ಬೇರೆ ಯಾರಿಗೋ ಹಾರಿಸಿದ ಗುಂಡು ತಗುಲಿ ಟ್ಯಾರಾ ಸಾಯುತ್ತಾಳೆ. ಆ ಪಾತ್ರದ ನಟಿ ಆಂಬರ್ ಬೆನ್ಸನ್ ಹೆಸರು ಆರಂಭದ ಶೀರ್ಷಿಕೆಯಲ್ಲಿ ಮೊದಲ ಬಾರಿಗೆ ಕಾಣಿಸಿಕೊಂಡದ್ದೂ ಅದೇ ಕಂತಿನಲ್ಲಿ!

ವಿಲೋ ದುಃಖದಿಂದ ದುಷ್ಟಳಾಗುವುದನ್ನು ತೋರಿಸಲು ಈ ಸಾವು ಬೇಕಿತ್ತು ಎಂಬುದು ಬರಹಗಾರರ ಸಮರ್ಥನೆ. ಅಭಿಮಾನಿಗಳ ಪ್ರಶ್ನೆ ಬೇರೆ. ಇಂಥ ಜೋಡಿ ತೆರೆಗೆ ಬರುವುದೇ ಕಡಿಮೆ. ಬಂದಾಗಲೆಲ್ಲ ಒಬ್ಬಳು ಸಾಯುವುದು, ಇನ್ನೊಬ್ಬಳು ಹುಚ್ಚಿಯಾಗುವುದು ಏಕೆ? ಒಂದು ಕಂತಿನ ಬಗೆಗಿನ ದೂರು ಇಡೀ ಕಿರುತೆರೆಯ ರೂಢಿಯ ಬಗೆಗಿನ ದೂರಾಯಿತು. ಅಷ್ಟು ಹೊತ್ತಿಗೆ ಅಂತರ್ಜಾಲವೂ ಬಂದಿದ್ದರಿಂದ ಚರ್ಚೆ ಒಂದೆರಡು ಊರುಗಳಿಗೆ ಸೀಮಿತವಾಗಿ ಉಳಿಯಲಿಲ್ಲ.

ನಂಬಿಕೆ ಗಳಿಸಿದ ಸಾವುಗಳು

ಇತ್ತ ಮಾರ್ಟಿನ್ ಟೆಲಿವಿಷನ್ನಿನ ಕಟ್ಟುಪಾಡು ಬಿಟ್ಟು ಒಂದು ಮಹಾಕಾದಂಬರಿ ಮಾಲೆಗೆ ಕೈಹಾಕಿದ್ದರು. ಮೊದಲ ಪುಸ್ತಕ ಬಂದದ್ದು 1996ರಲ್ಲಿ. ಅದನ್ನಾಧರಿಸಿ ಡೇವಿಡ್ ಬೆನಿಯಾಫ್ ಮತ್ತು ಡಿ. ಬಿ. ವೈಸ್ ರೂಪಿಸಿದ ‘ಗೇಮ್ ಆಫ್ ಥ್ರೋನ್ಸ್’ 2011ರ ಏಪ್ರಿಲ್‌ನಲ್ಲಿ ಎಚ್‌ಬಿಒ ವಾಹಿನಿಯಲ್ಲಿ ಆರಂಭವಾಯಿತು.

ಒಂಬತ್ತನೆಯ ಕಂತಿನಲ್ಲೇ ಕಥಾನಾಯಕ ಎಂದು ಎಲ್ಲರೂ ನಂಬಿದ್ದ ನೆಡ್ ಸ್ಟಾರ್ಕ್‌ನ ತಲೆ ಉರುಳಿತು. 2013ರಲ್ಲಿ ಅವನ ಹೆಂಡತಿ, ಹಿರಿಯ ಮಗ, ಬಸುರಿ ಸೊಸೆ ಮೂವರನ್ನೂ ಮದುವೆಯ ಊಟದ ಮನೆಯಲ್ಲೇ ಕೊಲ್ಲಲಾಯಿತು. ನೋಡುಗರು ಅತ್ತರು, ಬೈದರು. ಆದರೆ ಕಥೆ ಸುಳ್ಳಾಯಿತು ಎನ್ನಲಿಲ್ಲ. ನೆಡ್ ಸತ್ತದ್ದು ಶತ್ರುವಿನ ಮುಂದೆ ಗುಟ್ಟು ಬಿಟ್ಟುಕೊಟ್ಟ ಪ್ರಾಮಾಣಿಕತೆಯಿಂದ. ಮಗ ಸತ್ತದ್ದು ಕೊಟ್ಟ ಮದುವೆಯ ಮಾತಿಗೆ ತಪ್ಪಿದ್ದರಿಂದ. ಮಾಡಿದ್ದಕ್ಕೆ ತಕ್ಕ ಫಲ ಎಂಬ ಲೆಕ್ಕ ಈ ಕಥೆಯಲ್ಲಿ ಕಟ್ಟುನಿಟ್ಟಾಗಿತ್ತು. ಡ್ರ್ಯಾಗನ್ ಹಾರಬಹುದು, ಸತ್ತವರು ಎದ್ದು ನಡೆಯಬಹುದು. ಮನುಷ್ಯರು ಮಾತ್ರ ಮನುಷ್ಯರಂತೆಯೇ ನಡೆದುಕೊಳ್ಳಬೇಕು. ಅದ್ಭುತ ಕಥೆಯ ನೋಡುಗ ಒಪ್ಪಿಕೊಳ್ಳುವ ಕರಾರು ಇದೇ.

ಕರಾರಿಗೆ ಮೊದಲ ಬಿರುಕು 2015ರಲ್ಲಿ ಬಿತ್ತು. ಪುಸ್ತಕದಲ್ಲಿ ಬೇರೊಬ್ಬ ಹುಡುಗಿಗೆ ಒದಗಿದ್ದ ಮೊದಲ ರಾತ್ರಿಯ ಅತ್ಯಾಚಾರವನ್ನು ಧಾರಾವಾಹಿಯಲ್ಲಿ ಸಾನ್ಸಾಳ ಪಾಲಿಗೆ ತಂದರು. ಇನ್ನು ನೋಡುವುದಿಲ್ಲ ಎಂದು ಅಮೆರಿಕದ ಸೆನೆಟರ್ ಕ್ಲೇರ್ ಮೆಕ್ಯಾಸ್ಕಿಲ್ ಬಹಿರಂಗವಾಗಿಯೇ ಹೇಳಿದರು.

ಅದೇ ಹೊತ್ತಿಗೆ ಆಧಾರ ಗ್ರಂಥವೂ ಮುಗಿಯುತ್ತ ಬಂದಿತ್ತು. ಐದನೆಯ ಪುಸ್ತಕ ಬಂದದ್ದು 2011ರಲ್ಲಿ. ಧಾರಾವಾಹಿ ಮುಗಿಯುವ 2019ರ ಹೊತ್ತಿಗೂ ಆರನೆಯದು ಬರಲಿಲ್ಲ. ಕೊನೆಯ ಮುಖ್ಯ ತಿರುವುಗಳನ್ನು ಮಾರ್ಟಿನ್ ನಿರ್ಮಾಪಕರಿಗೆ ಮೊದಲೇ ತಿಳಿಸಿದ್ದರು. ಅಂದರೆ ಸೇರಬೇಕಾದ ಊರು ಗೊತ್ತಿತ್ತು, ದಾರಿಯನ್ನು ತಾವೇ ಹುಡುಕಬೇಕಿತ್ತು. ಇಂಥ ಹೊತ್ತಿನಲ್ಲಿ ವರ್ಷಕ್ಕೆ ಹತ್ತಿದ್ದ ಕಂತುಗಳು 2017ರಲ್ಲಿ ಏಳಕ್ಕೆ, 2019ರಲ್ಲಿ ಆರಕ್ಕೆ ಇಳಿದವು. ಇನ್ನಷ್ಟು ಕಂತುಗಳಿಗೆ ವಾಹಿನಿ ಸಿದ್ಧವಿದ್ದರೂ ಅಷ್ಟೇ ಸಾಕೆಂದವರು ಬೆನಿಯಾಫ್ ಮತ್ತು ವೈಸ್.

ಪರಿಣಾಮ ಕಣ್ಣಿಗೆ ಕಾಣುವಂತಿತ್ತು. ಮೊದಲ ವರ್ಷ ರಾಜನ ಪರಿವಾರ ಉತ್ತರದ ಕೋಟೆ ತಲುಪಲು ಒಂದು ತಿಂಗಳು ಹಿಡಿಯುತ್ತಿತ್ತು. 2017ರ ಒಂದು ಕಂತಿನಲ್ಲಿ ಹಿಮದ ನಾಡಿನಿಂದ ಕಾಗೆ ಹಾರಿ, ಸುದ್ದಿ ಮುಟ್ಟಿಸಿ, ಡ್ರ್ಯಾಗನ್‌ಗಳು ಮರಳಿ ಅಲ್ಲಿಗೆ ಬರುವುದು ಕೆಲವು ನಿಮಿಷಗಳಲ್ಲಿ ಮುಗಿಯಿತು. ಕಾಲದ ಲೆಕ್ಕವನ್ನು ಸ್ವಲ್ಪ ಎಳೆದಿದ್ದೇವೆಂದು ಆ ಕಂತಿನ ನಿರ್ದೇಶಕರೇ ಒಪ್ಪಿಕೊಂಡರು. ದೂರ ಕುಗ್ಗಿದಂತೆ ಪಾತ್ರಗಳ ಮನಸ್ಸಿನ ದೂರವೂ ಕುಗ್ಗಿತು. ವರ್ಷಗಳಲ್ಲಿ ಆಗಬೇಕಾದ ಬದಲಾವಣೆ ಒಂದೆರಡು ದೃಶ್ಯಗಳಲ್ಲಿ ನಡೆದುಹೋಯಿತು.

ಡೆನೇರಿಸ್ ವಿಷಯದಲ್ಲಿ ನಿರ್ಮಾಪಕರ ಪರವಾಗಿಯೂ ವಾದವುಂಟು. ಅವಳು ಮೊದಲೇ 163 ಮಂದಿ ಗುಲಾಮರ ಒಡೆಯರನ್ನು ಶಿಲುಬೆಗೇರಿಸಿದ್ದಳು, ತಲೆಬಾಗದ ತಂದೆ ಮಗನನ್ನು ಜೀವಂತ ಸುಟ್ಟಿದ್ದಳು. ಸುಳಿವುಗಳಿದ್ದವು ಎಂಬುದು ನಿಜ. ವಿಮರ್ಶಕರ ಉತ್ತರವೂ ಅಷ್ಟೇ ಗಟ್ಟಿ: ಸುಳಿವು ಬೇರೆ, ದಾರಿ ಬೇರೆ. ಅವಳು ಶತ್ರುಗಳಿಗೆ ಕ್ರೂರಿಯಾಗಿದ್ದಳು. ಶರಣಾದ ಬಡವರಿಗೆ ಕ್ರೂರಿಯಾದ ಗಳಿಗೆಯನ್ನು ನಮಗೆ ಯಾರೂ ತೋರಿಸಲಿಲ್ಲ.

ದೂರು ಎಲ್ಲಿ ಅಪ್ಪಣೆಯಾಗುತ್ತದೆ

ಇಷ್ಟಾದರೂ 17 ಲಕ್ಷ ಸಹಿಗಳ ಬೇಡಿಕೆಯನ್ನು ಸಮರ್ಥಿಸುವುದು ಕಷ್ಟ. ಅದೇ ಭಾಗದ ಒಂದು ಯುದ್ಧದ ಕಂತಿಗಾಗಿ ತಂಡ ಚಳಿಯಲ್ಲಿ 55 ರಾತ್ರಿ ಚಿತ್ರೀಕರಣ ನಡೆಸಿತ್ತು. ಈ ಮನವಿ ಅಷ್ಟು ಜನರ ದುಡಿಮೆಗೆ ಅಗೌರವ ಎಂದು ಸಾನ್ಸಾ ಪಾತ್ರದ ನಟಿ ಸೋಫಿ ಟರ್ನರ್ ನೊಂದು ಹೇಳಿದರು. ವಾಹಿನಿ ಮನವಿಯನ್ನು ಗಂಭೀರವಾಗಿ ಪರಿಗಣಿಸಲಿಲ್ಲ. 2019ರ ಸೆಪ್ಟೆಂಬರ್‌ನಲ್ಲಿ ಅತ್ಯುತ್ತಮ ಧಾರಾವಾಹಿಗೆ ಕೊಡುವ ಎಮ್ಮಿ ಪ್ರಶಸ್ತಿಯೂ ಅದಕ್ಕೇ ಸಂದಿತು. ಇದು ಸರಿಯಿಲ್ಲ ಎನ್ನುವುದು ವಿಮರ್ಶೆ. ನನಗೆ ಬೇಕಾದಂತೆ ಮಾಡಿಕೊಡಿ ಎನ್ನುವುದು ಅಂಗಡಿಯ ಗಿರಾಕಿಯ ಮಾತು. ಮೊದಲನೆಯದು ಹಕ್ಕು, ಎರಡನೆಯದಕ್ಕೆ ಹಕ್ಕಿಲ್ಲ.

ಆದರೆ ಮೊದಲನೆಯದು ಎಷ್ಟು ಸರಿ ಎಂಬುದಕ್ಕೆ 2024ರಲ್ಲಿ ಅನಿರೀಕ್ಷಿತ ಸಾಕ್ಷಿಯೊಬ್ಬರು ಬಂದರು. ಮಾರ್ಟಿನ್‌ರ ಇನ್ನೊಂದು ಪುಸ್ತಕವನ್ನು ಆಧರಿಸಿದ ‘ಹೌಸ್ ಆಫ್ ದಿ ಡ್ರ್ಯಾಗನ್’ 2022ರಲ್ಲಿ ಆರಂಭವಾಗಿತ್ತು. ಪುಸ್ತಕದಲ್ಲಿ ಕೊಲೆಗಡುಕರು ರಾಣಿ ಹೆಲೇನಾಳ ಮುಂದೆ ಅವಳ ಇಬ್ಬರು ಗಂಡುಮಕ್ಕಳನ್ನು ನಿಲ್ಲಿಸಿ ಸಾಯಬೇಕಾದವನನ್ನು ನೀನೇ ಆರಿಸು ಎನ್ನುತ್ತಾರೆ. ಅವಳು ಕಿರಿಯವನನ್ನು ಹೆಸರಿಸುತ್ತಾಳೆ, ಅವರು ಹಿರಿಯನನ್ನು ಕೊಲ್ಲುತ್ತಾರೆ. ಧಾರಾವಾಹಿಯಲ್ಲಿ ಕಿರಿಯವನನ್ನೇ ಕೈಬಿಟ್ಟರು. ಎಳೆಯ ಮಗುವಿನೊಡನೆ ಚಿತ್ರೀಕರಣ ಕಷ್ಟ, ಖರ್ಚೂ ಹೆಚ್ಚು ಎಂಬ ಕಾರಣಗಳಿದ್ದವು. ಆ ಸೆಪ್ಟೆಂಬರ್‌ನಲ್ಲಿ ಮಾರ್ಟಿನ್ ಬಹಿರಂಗವಾಗಿ ಬರೆದ ಟಿಪ್ಪಣಿಯ ಸಾರ ಇಷ್ಟು: ಒಂದು ಪುಟ್ಟ ಪಾತ್ರವನ್ನು ತೆಗೆದರೆ ತಾಯಿಯ ಆಯ್ಕೆಯ ಸಂಕಟ ಹೋಗುತ್ತದೆ, ಮುಂದೆ ಅವಳ ಸಾವಿಗಿದ್ದ ಕಾರಣವೂ ಹೋಗುತ್ತದೆ. ಕೆಲವೇ ಗಂಟೆಗಳಲ್ಲಿ ಆ ಟಿಪ್ಪಣಿಯನ್ನು ತೆಗೆದುಹಾಕಲಾಯಿತು.

1989ರಲ್ಲಿ ಅಭಿಮಾನಿಗಳ ಸಿಟ್ಟಿಗೆ ಗುರಿಯಾದ ತಂಡದಲ್ಲಿದ್ದವರು, 35 ವರ್ಷಗಳ ನಂತರ ತಾವೇ ಅಭಿಮಾನಿಗಳ ಸಾಲಿನಲ್ಲಿ ನಿಂತು ಅದೇ ಬಗೆಯ ದೂರು ಹೇಳಿದರು. ಕಥೆ ಬರೆದವರಿಗೂ ಕೊನೆಗೆ ಮುಖ್ಯವಾಗಿ ಕಂಡದ್ದು ಕಾರಣವೇ. ತಪ್ಪದೆ ನೋಡಿ, ನೆನಪಿಟ್ಟುಕೊಂಡು, ಹಿಂದಿನ ವರ್ಷದ ಕಂತಿನೊಡನೆ ಈ ವರ್ಷದ್ದನ್ನು ತಾಳೆ ಹಾಕುವ ನೋಡುಗ ಕಥೆಗಾರನಿಗೆ ತಲೆನೋವು ಎನಿಸಬಹುದು. ಕಥೆಯನ್ನು ಅವನಷ್ಟು ನಂಬಿದವರು ಬೇರೆ ಯಾರೂ ಇಲ್ಲ.