ಗುಡ್ಡದ ಮನೆಗೆ ಮೇಲ್ಪಂಕ್ತಿ

ಹಳೆಯ ಕಟ್ಟಡವನ್ನು ಮಾದರಿಯಾಗಿ ಇಟ್ಟುಕೊಳ್ಳುವವರು ಸಾಮಾನ್ಯವಾಗಿ ಅದರ ಕಮಾನನ್ನೋ ಗೋಪುರವನ್ನೋ ಎತ್ತಿಕೊಳ್ಳುತ್ತಾರೆ. ಇಳಿಜಾರಿನಲ್ಲಿ ಕಟ್ಟುವವರಿಗೆ ಅದರಿಂದ ಹೆಚ್ಚು ಪ್ರಯೋಜನವಿಲ್ಲ. ಅವರು ಕಲಿಯಬೇಕಾದ್ದು ಆ ಕಟ್ಟಡ ನೆಲಕ್ಕೆ ಹೇಗೆ ಕೂತಿದೆ ಎಂಬುದನ್ನು.

ಕ್ರಿ.ಪೂ. 4ನೇ ಶತಮಾನದಲ್ಲೇ ಗ್ರೀಕರು ಎಪಿಡಾರಸ್‌ನಲ್ಲಿ ಗುಡ್ಡದ ಓರೆಯನ್ನೇ ಪ್ರೇಕ್ಷಕರ ಆಸನಗಳ ಸಾಲಾಗಿಸಿದ್ದರು. ಅಕ್ಬರನ ಫತೇಪುರ್ ಸಿಕ್ರಿಯ ಸಮಸ್ಯೆ ಇನ್ನೂ ಸ್ವಾರಸ್ಯದ್ದು. ಕಲ್ಲಿನ ದಿಬ್ಬ ನೈಋತ್ಯದಿಂದ ಈಶಾನ್ಯಕ್ಕೆ ಓರೆಯಾಗಿ ಸಾಗುತ್ತದೆ, ಕಟ್ಟಡಗಳೋ ನೇರ ದಿಕ್ಕುಗಳಿಗೇ ಮುಖ ಮಾಡಿವೆ. ಹಾಗಾಗಿ ಅಂಗಳಗಳು ಒಂದರಿಂದೊಂದು ಪಕ್ಕಕ್ಕೆ ಜರುಗುತ್ತಾ ದಿಬ್ಬದ ಬೆನ್ನೇರಿ ಹೋಗಿವೆ.

20ನೇ ಶತಮಾನದಲ್ಲಿ ಈ ಜಾಣ್ಮೆಯನ್ನು ಬೇಕೆಂದೇ ಹುಡುಕಿ ಹೋದವರಲ್ಲಿ ಫಿನ್ಲೆಂಡಿನ ಆಲ್ವಾರ್ ಆಲ್ಟೊ ಮುಖ್ಯರು. 1952ರಲ್ಲಿ ಮುಗಿದ ಸೈನಾತ್ಸಾಲೊ ಪುರಭವನಕ್ಕೆ ಅವರು ಇಟಲಿಯ ಬೆಟ್ಟದೂರುಗಳನ್ನು ನೆನೆದರು. ತಳಪಾಯಕ್ಕೆ ಅಗೆದ ಮಣ್ಣನ್ನು ಸಾಗಹಾಕದೆ ನಡುವೆ ತುಂಬಿಸಿ ಅಂಗಳವನ್ನೇ ಒಂದು ಅಂತಸ್ತು ಎತ್ತರಿಸಿದರು. ಹುಲ್ಲು ಬೆಳೆದ ಮೆಟ್ಟಿಲು ಹತ್ತಿ ಹೋದರೆ ಇಟಲಿಯ ಚೌಕಕ್ಕೆ ಬಂದಂತಾಗುತ್ತದೆ, ಆದರೆ ಕಣ್ಣಿಗೆ ಕಾಣುವುದು ಫಿನ್ಲೆಂಡಿನ ಇಟ್ಟಿಗೆ ಮತ್ತು ಕಾಡು.

ಕಟ್ಟದೇ ಉಳಿದ ನಕ್ಷೆಯೂ ಮೇಲ್ಪಂಕ್ತಿಯಾದೀತು. ಫ್ರಾನ್ಸಿನ ಕರಾವಳಿಯ ಗುಡ್ಡಕ್ಕೆಂದು ಲ ಕಾರ್ಬೂಸಿಯೆ 1949ರಲ್ಲಿ ಬರೆದ ‘ರೋಕ್ ಎ ರೋಬ್’ ಕಾಗದದಲ್ಲೇ ಉಳಿಯಿತು. ಅದರ ಸಾರ ಸ್ವಿಟ್ಜರ್ಲೆಂಡಿನ ಬರ್ನ್ ಬಳಿ ‘ಅಟೆಲಿಯೆ 5’ ತಂಡ 1961ರಲ್ಲಿ ಮುಗಿಸಿದ ಹಾಲೆನ್ ಬಡಾವಣೆಗೆ ಇಳಿಯಿತು. ಅಗಲ ಕಿರಿದಾದ, ಉದ್ದನೆಯ ಮನೆಗಳು ಸಾಲಾಗಿ ಇಳಿಜಾರಿನಲ್ಲಿ ಮೆಟ್ಟಿಲಿಳಿಯುತ್ತವೆ, ತಾರಸಿಯ ಮೇಲೆ ಹಸಿರು, ಕಾರುಗಳಿಗೆ ಪ್ರವೇಶದಲ್ಲೇ ತಡೆ. ಆಮೇಲೆ ಬಂದ ಎಷ್ಟೋ ಇಳಿಜಾರಿನ ಬಡಾವಣೆಗಳು ಇದಕ್ಕೆ ಋಣಿ. ಪೋರ್ಚುಗಲ್‌ನ ಆಲ್ವಾರೊ ಸೀಜಾ 1966ರಲ್ಲಿ ಲೆಸಾ ಸಮುದ್ರತೀರದ ಬಂಡೆಗಳ ನಡುವೆಯೇ ಈಜುಕೊಳ ಕೂರಿಸಿದ್ದು ಇನ್ನೊಂದು ದಾರಿ.

ನಮ್ಮ ದೇಶದ ಮಟ್ಟಿಗೆ ನನ್ನ ಆಯ್ಕೆ ಚಾರ್ಲ್ಸ್ ಕೊರಿಯಾ ಅವರ ಭೋಪಾಲದ ಭಾರತ ಭವನ (1982). ಕನ್ನಡಿಗರಿಗೆ ಅದು ಬಿ.ವಿ. ಕಾರಂತರ ರಂಗಮಂಡಲದಿಂದ ಪರಿಚಿತ. ರಸ್ತೆಯಿಂದ ನೋಡಿದರೆ ಕಟ್ಟಡವೇ ಇಲ್ಲವೆನ್ನಿಸುತ್ತದೆ. ಮೇಲಿನಿಂದ ಪ್ರವೇಶಿಸಿ, ಕೆರೆಯ ಕಡೆಗೆ ತಾರಸಿಯಿಂದ ತಾರಸಿಗೆ ಇಳಿಯುತ್ತಾ ಹೋಗಬೇಕು. ನೀವು ನಿಂತ ತಾರಸಿಯೇ ಕೆಳಗಿನ ಗ್ಯಾಲರಿಯ ಸೂರು, ತಗ್ಗಿನಲ್ಲಿ ತೆರೆದ ಅಂಗಳಗಳೇ ಅದಕ್ಕೆ ಬೆಳಕು. ನದಿಯ ಘಾಟು, ಕಲ್ಯಾಣಿಗಳ ಮೆಟ್ಟಿಲು ಕಂಡವರಿಗೆ ಇದರ ಮೂಲ ಹೇಳಿಕೊಡಬೇಕಿಲ್ಲ, ಹಾಗೆಂದು ಅಲ್ಲಿ ಎಲ್ಲೂ ಕಲ್ಯಾಣಿಯ ನಕಲು ಸಿಗುವುದಿಲ್ಲ.

ಹಿಮಾಲಯದ ಪಿಥೋರಗಢದಲ್ಲಿ 16 ವರ್ಷ ಇದ್ದು ಊರವರ ಕಟ್ಟುವ ಕ್ರಮ ಕಲಿತ ವಾಸ್ತುಶಿಲ್ಪಿ ಲಾರಿ ಬೇಕರ್ ಇಳಿಜಾರಿಗೆ ಹೊಂದಿಕೊಳ್ಳುವ ಈ ಜಾಣ್ಮೆಯನ್ನು ಖರ್ಚಿನ ಲೆಕ್ಕದಲ್ಲಿ ಹೇಳಿದರು. ಮನೆಯ ಉದ್ದ ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಕಾಂಟೂರ್ ಗೆರೆಯ ಜೊತೆಗೇ ಸಾಗಿದರೆ ಅಗೆತ, ಮಣ್ಣು ತುಂಬುವುದು, ತಳಪಾಯ ಮೂರೂ ಕಡಿಮೆ. ಗೆರೆಗಳನ್ನು ಅಡ್ಡ ಕಡಿದರೆ ಮೂರೂ ಹೆಚ್ಚು. ತಮ್ಮ ಕಿರುಪುಸ್ತಕದಲ್ಲಿ ಅವರು ಇದನ್ನು ಚಿತ್ರ ಬರೆದು ತೋರಿಸಿದ್ದಾರೆ.

ಕೊಡಗು, ಮಲೆನಾಡಿನಲ್ಲಿ ಈಗ ಕಾಣುವ ಮೇಲ್ಪಂಕ್ತಿ ಬೆಂಗಳೂರಿನ ಮೂವತ್ತು-ನಲವತ್ತರ ಸೈಟು. ಅದಕ್ಕಾಗಿ ಧರೆಯನ್ನು ನೆಟ್ಟಗೆ ಕಡಿದು ಮಟ್ಟ ಮಾಡುತ್ತಾರೆ. 2018ರ ಮಳೆಯಲ್ಲಿ ಕೊಡಗಿನ ಗುಡ್ಡಗಳು ಜರಿದಾಗ, ಹೀಗೆ ಕಡಿದ ಇಳಿಜಾರುಗಳೂ ಕಾರಣವೆಂದು ಭೂವಿಜ್ಞಾನಿಗಳು ಹೇಳಿದರು. ಅಲ್ಲಿ ಮನೆ ಕಟ್ಟಿಸುವವರು ಜೆಸಿಬಿಗೆ ಫೋನು ಮಾಡುವ ಮೊದಲು ಸರ್ವೆಯವರಿಂದ ಒಂದು ಕಾಂಟೂರ್ ನಕ್ಷೆ ಮಾಡಿಸಲಿ, ಒಂದು ಮಳೆಗಾಲ ನೀರು ಎಲ್ಲಿ ಹರಿಯುತ್ತದೆಂದು ನೋಡಲಿ.