ಬೀಸುಕಲ್ಲಿನ ಬಳಿ ಉಳಿದ ಭಾಷೆ

ಭಾಷೆಯೊಂದರ ಇತಿಹಾಸ ಬರೆಯುವವರು ಸಾಮಾನ್ಯವಾಗಿ ಶಾಸನ, ತಾಳೆಗರಿ, ಅರಸರ ಆಸ್ಥಾನಗಳನ್ನು ಮೊದಲು ನೋಡುತ್ತಾರೆ. ಅದು ಸರಿಯೇ. ಆದರೆ ಆಸ್ಥಾನ ಅಳಿದ ಮೇಲೆ, ಕಚೇರಿಯ ಮಾತು ಬೇರೆಯಾದ ಮೇಲೆ, ಶಾಲೆಯಲ್ಲಿ ಇನ್ನೊಂದು ನುಡಿ ಕಲಿಸತೊಡಗಿದ ಮೇಲೆ ಭಾಷೆ ಎಲ್ಲಿ ಉಳಿಯುತ್ತದೆ? ಹೊರನಾಡಿನಲ್ಲಿ ಸಂಸಾರ ಹೂಡಿರುವ ನಮಗೆ ಇದು ಕೇವಲ ಪಂಡಿತರ ಪ್ರಶ್ನೆಯಲ್ಲ.

ಫ್ರಾನ್ಸ್ ದೇಶದ ದಕ್ಷಿಣದಲ್ಲಿ ಆಕ್ಸಿಟಾನ್ ಎಂಬ ಭಾಷೆಯಿದೆ. ‘ಹೌದು’ ಎನ್ನಲು ಅಲ್ಲಿಯವರು ‘ಓಕ್’ ಎನ್ನುತ್ತಿದ್ದುದರಿಂದ ಅದಕ್ಕೆ ಆ ಹೆಸರು. 12ನೆಯ ಶತಮಾನದಲ್ಲಿ ತ್ರುಬದೂರರೆಂಬ ಹಾಡುಗವಿಗಳು ಆ ನುಡಿಯಲ್ಲಿ ಪ್ರೇಮಗೀತೆಗಳನ್ನು ಕಟ್ಟಿ ಯುರೋಪಿಗೆ ಮಾದರಿಯಾದರು. 1539ರಲ್ಲಿ ನ್ಯಾಯಾಲಯದ ಕಾಗದಪತ್ರಗಳೆಲ್ಲ ಫ್ರೆಂಚ್ ಭಾಷೆಯಲ್ಲೇ ಇರಬೇಕೆಂದು ರಾಜಾಜ್ಞೆಯಾಯಿತು. ಮುಂದೆ ಶಾಲೆಯಲ್ಲಿ ಮನೆಮಾತು ಆಡಿದ ಮಗುವಿಗೆ ಅವಮಾನದ ಗುರುತೊಂದನ್ನು ಕೊಡುವ ಪದ್ಧತಿಯೂ ಬಂತು. ಆಗ ಆ ಭಾಷೆ ಉಳಿದದ್ದು ಕುರುಬರ, ರೈತರ, ಹೆಂಗಸರ ಬಾಯಲ್ಲಿ.

1854ರಲ್ಲಿ, ಎಂದರೆ ಬೋರಿಬಂದರಿನಿಂದ ನಮ್ಮ ಠಾಣೆಗೆ ಮೊದಲ ರೈಲು ಬಂದ ಮರುವರ್ಷ, ಫ್ರೆಡೆರಿಕ್ ಮಿಸ್ತ್ರಾಲ್ ಮತ್ತು ಆತನ ಗೆಳೆಯರು ಸೇರಿ ಏಳು ಮಂದಿ ಆ ನುಡಿಗಾಗಿ ಒಂದು ಕೂಟ ಕಟ್ಟಿದರು. ಮಿಸ್ತ್ರಾಲನಿಗೆ 1904ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಗ್ಯಾಸ್ಕನಿ ಸೀಮೆಯಲ್ಲಿ ಫೆಲಿಕ್ಸ್ ಆರ್ನೊದಾಂ ಎಂಬಾತ ಹಳ್ಳಿಗರ ಹಾಡುಗಳನ್ನು ಬರೆದುಕೊಂಡು 1912ರಲ್ಲಿ ಪ್ರಕಟಿಸಿದ. 1857ರ ಒಂದು ಕಾಯಿದೆಯಿಂದ ಅಲ್ಲಿಯ ಕುರಿಗಾವಲುಗಳು ಪೈನ್ ಕಾಡುಗಳಾಗಿ, ಕುರುಬರ ಬಾಳ್ವೆಯೇ ಕಣ್ಮರೆಯಾಗುತ್ತಿತ್ತು. ಆತ ತಡಮಾಡಿದ್ದರೆ ಹಾಡುವವರೇ ಇರುತ್ತಿರಲಿಲ್ಲ.

ನಮ್ಮಲ್ಲಿಯೂ ಹೀಗೆಯೇ ನಡೆದಿದೆ. ಪೇಶ್ವೆಯರ ಆಳಿಕೆಯ ಪರಿಣಾಮವಾಗಿ ಧಾರವಾಡ, ಬೆಳಗಾವಿ ಕಡೆಯ ಕಚೇರಿ, ಶಾಲೆಗಳಲ್ಲಿ ಮರಾಠಿ ನೆಲೆಸಿತ್ತು. ಡೆಪ್ಯುಟಿ ಚನ್ನಬಸಪ್ಪನವರಂಥವರು ಹೋರಾಡಿ ಕನ್ನಡ ಶಾಲೆಗಳನ್ನು ತೆರೆಯಿಸಬೇಕಾಯಿತು. ಆದರೆ ಲಾವಣಿಕಾರನಿಗೆ ಯಾವ ಶಾಲೆಯ ಅಪ್ಪಣೆಯೂ ಬೇಕಿರಲಿಲ್ಲ. ಸಂಗೊಳ್ಳಿ ರಾಯಣ್ಣನ ಸಾಹಸವನ್ನೂ, 1857ರಲ್ಲಿ ಆಯುಧ ಒಪ್ಪಿಸಲೊಲ್ಲದೆ ಮಡಿದ ಹಲಗಲಿ ಬೇಡರ ಕಥೆಯನ್ನೂ ಅವನು ಕನ್ನಡದಲ್ಲೇ ಹಾಡುತ್ತ ಬಂದ. ಮುಂಬಯಿ ಇಲಾಖೆಯ ಅಧಿಕಾರಿ ಜೆ. ಎಫ್. ಫ್ಲೀಟ್ 1885ರಿಂದ ಇಂಥ ಲಾವಣಿಗಳನ್ನು ಇಂಗ್ಲಿಷ್ ಅನುವಾದದೊಂದಿಗೆ ‘ಇಂಡಿಯನ್ ಆಂಟಿಕ್ವರಿ’ ಪತ್ರಿಕೆಯಲ್ಲಿ ಪ್ರಕಟಿಸಿದರು. ಆ ಪತ್ರಿಕೆ ಅಚ್ಚಾಗುತ್ತಿದ್ದುದು ಬೈಕುಲ್ಲಾದಲ್ಲಿ. ಲೋಕಲ್ ಗಾಡಿಯಲ್ಲಿ ನಮ್ಮಲ್ಲಿ ಎಷ್ಟೋ ಮಂದಿ ದಿನವೂ ದಾಟಿಹೋಗುವ ಅದೇ ಬೈಕುಲ್ಲಾ!

ಫ್ಲೀಟರು ವೀರರ ಹಾಡನ್ನು ಕೇಳಿದರು. ಮನೆಯೊಳಗಿನ ಹಾಡನ್ನು ಕೇಳಿದವರು ಹಲಸಂಗಿಯ ಗೆಳೆಯರು. ಹಲಸಂಗಿ ವಿಜಯಪುರ ಜಿಲ್ಲೆಯ, ಭೀಮಾತೀರದ ಕಡೆಯ ಗಡಿಯ ಹಳ್ಳಿ. 1956ರ ವರೆಗೆ ಮುಂಬಯಿ ಆಡಳಿತದಲ್ಲೇ ಇತ್ತು. ಮಧುರಚೆನ್ನ, ಸಿಂಪಿ ಲಿಂಗಣ್ಣ, ಪಿ. ಧೂಲಾಸಾಹೇಬ, ಕಾಪಸೆ ರೇವಪ್ಪ ಮೊದಲಾದವರು ಸೇರಿ, ತಾಯಂದಿರು ಬೀಸುವಾಗ, ಕುಟ್ಟುವಾಗ ಹಾಡುತ್ತಿದ್ದ ತ್ರಿಪದಿಗಳನ್ನು ಸಂಗ್ರಹಿಸಿದರು. 1931ರಲ್ಲಿ ‘ಗರತಿಯ ಹಾಡು’ ಹೊರಬಂತು. ತವರಿನ ಹಂಬಲ, ಮಗುವಿನ ಮೋಹ, ಅತ್ತೆಮನೆಯ ದುಃಖ ಎಲ್ಲವೂ ಅದರಲ್ಲಿವೆ. ಹಾಡು ಕಟ್ಟಿದವರ ಹೆಸರು ಮಾತ್ರ ಯಾರಿಗೂ ತಿಳಿಯದು.

ಇಲ್ಲೊಂದು ಮುಖ್ಯ ಸಂಗತಿಯಿದೆ. ಬಾದಾಮಿಯ ಬಂಡೆಯ ಮೇಲಿನ ಕಪ್ಪೆ ಅರಭಟ್ಟನ ಶಾಸನ ಸುಮಾರು ಕ್ರಿ.ಶ. 700ರದು. ಅದರಲ್ಲಿರುವುದೂ ತ್ರಿಪದಿಯೇ. ಸರ್ವಜ್ಞ ಹಾಡಿದ್ದೂ ಅದರಲ್ಲೇ. ರಾಜವಂಶಗಳು ಬಂದು ಹೋದ 1200 ವರ್ಷಗಳ ಕಾಲ ಆ ಮೂರು ಸಾಲಿನ ಧಾಟಿಯನ್ನು ಕಾಪಾಡಿದವರಲ್ಲಿ ಓದುಬರಹವಿಲ್ಲದ ಹೆಂಗಸರ ಪಾಲು ದೊಡ್ಡದು. ಕಲ್ಲಿನಲ್ಲಿ ಕೆತ್ತಿದ್ದು ಹೇಗೆ ದಾಖಲೆಯೋ, ಬೀಸುಕಲ್ಲಿನ ಬಳಿ ಹಾಡಿದ್ದೂ ಹಾಗೆಯೇ ದಾಖಲೆ.

ಆದರೆ ಬಾಯಿಯ ದಾಖಲೆಗೆ ಒಂದು ಅಪಾಯವಿದೆ. ಬಂಡೆ ಕಾಯುತ್ತದೆ, ಮನುಷ್ಯರು ಕಾಯುವುದಿಲ್ಲ. ಹಿಟ್ಟಿನ ಗಿರಣಿ ಬಂತು, ಬೀಸುಕಲ್ಲು ಮೂಲೆ ಸೇರಿತು, ಹಾಡಿಗೆ ಹೊತ್ತೇ ಇಲ್ಲವಾಯಿತು. ವಾಗ್ಳೆ ಎಸ್ಟೇಟಿನ ಕಾರ್ಖಾನೆಗಳ ಸುತ್ತ, ಡೊಂಬಿವಲಿ, ಕಲ್ಯಾಣಗಳ ಚಾಳುಗಳಲ್ಲಿ ನೆಲೆಸಿದ ನಮ್ಮ ಮನೆಗಳಲ್ಲಿ ಮಕ್ಕಳು ಇಂಗ್ಲಿಷಿನಲ್ಲಿ ಓದಿ, ಓಣಿಯಲ್ಲಿ ಮರಾಠಿ-ಹಿಂದಿ ಆಡುತ್ತಾರೆ. ಅದರಲ್ಲಿ ತಪ್ಪೇನಿಲ್ಲ, ಅನ್ನ ಕೊಟ್ಟ ನೆಲದ ಮಾತು ಕಲಿಯಲೇಬೇಕು. ಆದರೆ ಊರಿನಿಂದ ಬಂದ ಅಜ್ಜಿಯ ಹಾಡು ಮೊಮ್ಮಕ್ಕಳಿಗೆ ತಿಳಿಯದೆ ಹೋದರೆ, ಆ ನಷ್ಟವನ್ನು ಯಾವ ಗ್ರಂಥಾಲಯವೂ ತುಂಬಿಕೊಡಲಾರದು.

ಹಲಸಂಗಿಯ ಗೆಳೆಯರ ಕೈಯಲ್ಲಿದ್ದದ್ದು ಕಾಗದ, ಲೇಖನಿ. ನಮ್ಮ ಕಿಸೆಯಲ್ಲಿ ಧ್ವನಿಯನ್ನೇ ಹಿಡಿದಿಡುವ ಮೊಬೈಲ್ ಇದೆ. ಮನೆಯ ಹಿರಿಯರು ಸೋಬಾನೆಯನ್ನೋ ಜೋಗುಳವನ್ನೋ ಒಂದು ಒಗಟನ್ನೋ ಹೇಳಿದರೆ ಅದನ್ನು ಹಾಗೆಯೇ ಹಿಡಿದಿಡಿ, ಗ್ರಾಂಥಿಕಕ್ಕೆ ತಿದ್ದಬೇಡಿ. ಹೇಳಿದವರ ಊರು, ವಯಸ್ಸು, ಯಾರಿಂದ ಕಲಿತರು, ಯಾವ ದಿನ ಹೇಳಿದರು ಎಂಬುದನ್ನು ಬರೆದಿಡಿ. ಮುಖ್ಯವಾಗಿ, ಹೇಳಿದವರ ಹೆಸರನ್ನು ಬಿಡಬೇಡಿ. ‘ಗರತಿಯ ಹಾಡಿ’ನ ಗರತಿಯರಿಗೆ ದೊರೆಯದ ಆ ಗೌರವ ನಮ್ಮ ತಾಯಂದಿರಿಗಾದರೂ ದೊರೆಯಲಿ.